ಬಂಡೆ ಹತ್ತುವ ಬಂಡಿ

ನಮ್ಮ ಮನೆಗಳಲ್ಲಿ ಯಾವ ವಸ್ತುವೂ ಪೂರ್ತಿಯಾಗಿ ಒಂದೇ ದಿನ ಸಾಯುವುದಿಲ್ಲ. ಓಡದ ಆಟಿಕೆಯೊಳಗೆ ಗೇರುಗಳು ಗಟ್ಟಿಮುಟ್ಟಾಗಿರುತ್ತವೆ. ಕೆಟ್ಟ ಪ್ರಿಂಟರಿನಲ್ಲಿ ಕನ್ನಡಿಯಂತೆ ಹೊಳೆಯುವ ಉಕ್ಕಿನ ಸರಳು ಉಳಿದಿರುತ್ತದೆ. ಆದರೂ ಒಂದು ಅಂಗ ಕೆಟ್ಟಿತೆಂದು ಇಡೀ ದೇಹವನ್ನು ಗುಜರಿಗೆ ಹಾಕುವುದು ಈಗಿನ ರೂಢಿ. ಈ ರೂಢಿಗೆ ಎದುರಾಗಿ ನಾನು ನಿವೃತ್ತಿಯ ಬಿಡುವಿನಲ್ಲಿ ಕೈಗೊಂಡ ಒಂದು ಸಣ್ಣ ಕೆಲಸವನ್ನು ಕುರಿತು ತಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಲಿದ್ದೇನೆ. ಅದು ಬಿಡಿಭಾಗಗಳಿಂದ ಕಟ್ಟಿದ, ರೇಡಿಯೋ ಅಲೆಗಳ ಅಪ್ಪಣೆಯಂತೆ ಬಂಡೆ ಹತ್ತುವ, ಒಂದೂವರೆ ಅಡಿ ಉದ್ದದ ಗಾಡಿ. ಹವ್ಯಾಸಿಗಳು ಇದನ್ನು ರಾಕ್ ಕ್ರಾಲರ್ ಎನ್ನುತ್ತಾರೆ.

ರೇಡಿಯೋ ಅಲೆ ಮಾತನ್ನಷ್ಟೇ ಅಲ್ಲ, ಆಜ್ಞೆಯನ್ನೂ ಒಯ್ಯಬಲ್ಲದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಂತಿಯ ನಂಟಿಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದ. ಬಂಡೆ ಹತ್ತುವ ಆಟ ಬಹಳ ಈಚಿನದು. ಜಪಾನಿನ ತಮಿಯಾ ಕಂಪನಿ 1987ರಲ್ಲಿ ತಂದ ಕ್ಲಾಡ್ ಬಸ್ಟರ್ ಎಂಬ ಆಟದ ಟ್ರಕ್ಕಿಗೆ ಎರಡೂ ಅಚ್ಚುಗಳ ಮೇಲೆ ಒಂದೊಂದು ಮೋಟಾರು ಇತ್ತು. ಹವ್ಯಾಸಿಗಳು ಆ ಅಚ್ಚುಗಳನ್ನು ಕಳಚಿ, ತಾವೇ ಮಾಡಿದ ಚೌಕಟ್ಟಿಗೆ ಜೋಡಿಸಿ ಬಂಡೆ ಹತ್ತಿಸಿದರು. ಹೀಗೆ ಈ ಕಲೆ ಬೆಳೆದದ್ದೇ ಬಿಡಿಭಾಗಗಳ ನಡುವೆ.

ನನಗೂ ಎರಡು ಮುರುಕು ಆಟದ ಗಾಡಿಗಳಿಂದ ಅಚ್ಚುಗಳು, ಗೇರುಪೆಟ್ಟಿಗೆ, ಚಕ್ರಗಳು ದೊರೆತವು. ಹಳೆಯ ಕಿಟಕಿಯ ಅಲ್ಯೂಮಿನಿಯಂ ಪಟ್ಟಿ ಚೌಕಟ್ಟಾಯಿತು. ಪ್ರಿಂಟರಿನ ಸರಳನ್ನು ಲೇತ್ ಅಂಗಡಿಯಲ್ಲಿ ತುಂಡರಿಸಿ, ತುದಿಗೆ ತಿರುಪು ಕೊರೆಸಿ, ಅಚ್ಚುಗಳನ್ನು ಚೌಕಟ್ಟಿಗೆ ಬಿಗಿಯುವ ತೋಳುಗಳನ್ನಾಗಿ ಮಾಡಿದೆ. ವೈರು, ಕನೆಕ್ಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕವು. ಮೋಟಾರನ್ನೂ ಬ್ಯಾಟರಿಯನ್ನೂ ಮಾತ್ರ ಹೊಸದಾಗಿ ಕೊಂಡೆ. ಉಬ್ಬಿದ ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಅದು ಬೆಂಕಿಯನ್ನು ಬಚ್ಚಿಟ್ಟುಕೊಂಡ ಗಂಟು. ಉಳಿಸಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂಬ ವಿವೇಕವೂ ಈ ವಿದ್ಯೆಯ ಭಾಗವೇ.

ಹನ್ನೆರಡು ವರ್ಷದ ನನ್ನ ಮೊಮ್ಮಗ ಒಂದು ಸಂಜೆ ಕೇಳಿದ: "ತಾತ, ಇಷ್ಟೆಲ್ಲ ಕಷ್ಟಪಟ್ಟು ನಿಧಾನವಾಗಿ ಹೋಗೋ ಗಾಡಿ ಯಾಕೆ ಮಾಡ್ತಿದ್ದೀರಿ?" ಪ್ರಶ್ನೆ ಬರಿಯ ಗಾಡಿಯದಾಗಿರಲಿಲ್ಲ. ಆ ವರ್ಷ ಅವನ ಪ್ರಗತಿಪತ್ರದಲ್ಲಿ, ಗಣಿತದ ಎದುರಿಗೆ, 'ನಿಧಾನ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಂದಿನಿಂದ ಹುಡುಗ ಲೆಕ್ಕದ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ.

ನಾನು ಉಪದೇಶ ಹೇಳಲಿಲ್ಲ. ಗೇರುಗಳ ಹಲ್ಲೆಣಿಸಲು ಕೊಟ್ಟೆ. ಚಿಕ್ಕದಕ್ಕೆ 15, ದೊಡ್ಡದಕ್ಕೆ 60. ಅಂದರೆ ನಾಲ್ಕು ಪಟ್ಟು ಇಳಿತ. ಗೇರುಪೆಟ್ಟಿಗೆಯಲ್ಲಿ ಎರಡೂವರೆ ಪಟ್ಟು, ಅಚ್ಚಿನಲ್ಲಿ ಮೂರು ಪಟ್ಟು. ಗುಣಿಸಿದರೆ 30. ಮೋಟಾರು ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಚಕ್ರ ತಿರುಗುವುದು 300 ಸುತ್ತು ಮಾತ್ರ. 10 ಸೆಂಟಿಮೀಟರ್ ಅಗಲದ ಚಕ್ರಕ್ಕೆ ಅದು ಗಂಟೆಗೆ ಐದೂವರೆ ಕಿಲೋಮೀಟರಿಗೆ ತುಸು ಹೆಚ್ಚು, ಅಂದರೆ ಮನುಷ್ಯ ಬಿರುಸಾಗಿ ನಡೆಯುವ ವೇಗ. "ಉಳಿದ ವೇಗ ಎಲ್ಲಿ ಹೋಯ್ತು ತಾತ?" ಎಂದ. "ಎಲ್ಲಿಗೂ ಹೋಗಲಿಲ್ಲವಪ್ಪ, ಬಲವಾಯ್ತು" ಎಂದೆ. ಘರ್ಷಣೆಯಲ್ಲಿ ಸೋರುವುದನ್ನು ಬಿಟ್ಟರೆ, ವೇಗವನ್ನು ಎಷ್ಟು ಪಟ್ಟು ಬಿಟ್ಟುಕೊಟ್ಟೆವೋ ತಿರುಚುವ ಬಲ ಅಷ್ಟು ಪಟ್ಟು ಏರುತ್ತದೆ. ಯಂತ್ರಶಾಸ್ತ್ರದ ಈ ವ್ಯಾಪಾರದಲ್ಲಿ ಮೋಸವಿಲ್ಲ.

ರಸ್ತೆಯ ಕಾರಿಗೆ ವರವಾದದ್ದು ಬಂಡೆಯ ಮೇಲೆ ಶಾಪವಾಗುವುದೂ ಉಂಟು. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲೆಂದು ಕಾರಿನಲ್ಲಿ ಡಿಫರೆನ್ಷಿಯಲ್ ಇರುತ್ತದೆ. ಬಂಡೆಯ ಮೇಲೆ ಅದೇ ಏರ್ಪಾಡಿನಿಂದ, ಗಾಳಿಯಲ್ಲಿ ತೇಲಿದ ಚಕ್ರ ಸುಮ್ಮನೆ ಗಿರಗಿರನೆ ಸುತ್ತುತ್ತದೆ, ಕಲ್ಲನ್ನು ಕಚ್ಚಿದ ಚಕ್ರ ನಿಂತೇಬಿಡುತ್ತದೆ. ಆದ್ದರಿಂದ ಅದನ್ನು ಅಲುಗದಂತೆ ಬಿಗಿದೆವು. ಟೈರಿಗೆ ಗಾಳಿ ತುಂಬದೆ ಮೆತ್ತನೆಯ ಫೋಮ್ ತುಂಬಿದೆವು. ಕಲ್ಲಿನ ಉಬ್ಬುತಗ್ಗಿಗೆ ಟೈರು ತಾನೇ ಬಾಗಲಿ ಎಂದು.

ರಾಮನಗರದ ಬಂಡೆಯೊಂದರ ಮೇಲೆ ಗಾಡಿ ಮೂರು ಸಲ ಹಿಮ್ಮುಖವಾಗಿ ಮಗುಚಿತು. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ. ನಾನು ಬಾಯಿ ಬಿಡುವ ಮೊದಲೇ ಹುಡುಗ ಬ್ಯಾಟರಿಯನ್ನು ಬಿಚ್ಚಿ ಮುಂದಿನ ಅಚ್ಚಿನ ಹತ್ತಿರಕ್ಕೆ, ತಗ್ಗಿಗೆ ಕಟ್ಟಿದ. ನಾಲ್ಕನೆಯ ಸಲ ಗಾಡಿ ಇಂಚಿಂಚಾಗಿ, ಒಂದೊಂದು ಚಕ್ರಕ್ಕೂ ನೆಲೆ ಹುಡುಕುತ್ತ, ಮೇಲೇರಿ ನಿಂತಿತು. ಅವನು ಕೂಗಲಿಲ್ಲ, ಕುಣಿಯಲಿಲ್ಲ. "ಈಗ ಇನ್ನೂ ಕಡಿದಾದ ಕಡೆ ನೋಡೋಣ ತಾತ" ಎಂದ, ಅಷ್ಟೆ.

1997ರಲ್ಲಿ ಮಂಗಳನ ನೆಲದ ಮೇಲೆ ಉರುಳಿದ ಸೋಜರ್ನರ್ ಎಂಬ ಆರು ಚಕ್ರದ ಗಾಡಿಯ ಗರಿಷ್ಠ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಇರುವೆಯೂ ಅದನ್ನು ಹಿಂದೆ ಹಾಕೀತು. ಆದರೂ ಅದರ ಪ್ರಗತಿಪತ್ರದಲ್ಲಿ ಯಾರೂ ಕೆಂಪು ಶಾಯಿ ಬಳಸಲಿಲ್ಲ. ಹೋಗಬೇಕಾದ ದಾರಿ ಎಂಥದೆಂದು ತಿಳಿಯದೆ ನಡಿಗೆಯನ್ನು ಅಳೆಯಬಾರದು.