ಸಾಕು ಎನ್ನುವುದು ಯಾವಾಗ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದೊಡ್ಡ ಸಂಬಳದ ಉದ್ಯೋಗಕ್ಕೆ ಯಾವಾಗ ವಿದಾಯ ಹೇಳಬೇಕು ಎಂಬ ವಿಷಯವನ್ನು ಪದಾಧಿಕಾರಿಗಳು ನನಗೆ ಕೊಟ್ಟಿದ್ದಾರೆ. ಕರಾವಳಿಯ ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತಾರೆ: ಗಲ್ಫ್‌ನಿಂದ ಊರಿಗೆ ಬರುವುದು ಯಾವಾಗ? ಉತ್ತರ ಎಲ್ಲ ಮನೆಯಲ್ಲೂ ಒಂದೇ, "ಇನ್ನೆರಡು ವರ್ಷ." ಮನೆಯ ಕೆಲಸ ಮುಗಿಯಲಿ, ಮಗಳ ಮದುವೆ ಆಗಲಿ, ಮಗನ ಎಂಜಿನಿಯರಿಂಗ್ ಮುಗಿಯಲಿ. ಎರಡೆರಡು ವರ್ಷ ಸೇರಿ ಇಪ್ಪತ್ತು ವರ್ಷಗಳಾಗುತ್ತವೆ.

ಅಂಗಡಿಯಲ್ಲಿ, ಸೈಟಿನಲ್ಲಿ, ವಾಹನದ ಮೇಲೆ ದುಡಿಯುವ ನಮ್ಮ ಸಹೋದರರಿಗೆ ಈ ವಿಷಯದಲ್ಲಿ ಆಯ್ಕೆಯೇ ಇಲ್ಲ. ಅವರಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ನಾನು ಮಾತಾಡುತ್ತಿರುವುದು ಆಯ್ಕೆ ಇದ್ದೂ ಆಯ್ಕೆ ಮಾಡದವರ ಬಗ್ಗೆ: ಎಂಜಿನಿಯರ್, ಅಕೌಂಟೆಂಟ್, ವೈದ್ಯ, ಮ್ಯಾನೇಜರ್ ಆಗಿರುವವರ ಬಗ್ಗೆ. ಮುಂದೆ ಆಗಲಿರುವ ವಿದ್ಯಾರ್ಥಿಗಳೂ ಕೇಳಿಸಿಕೊಳ್ಳಬೇಕು.

ಇಮಾಮ್ ಗಝ್ಝಾಲಿಯವರ ಹೆಸರು ನಿಮಗೆಲ್ಲ ಗೊತ್ತು. ಬಗ್ದಾದಿನ ನಿಝಾಮಿಯಾ ಮದ್ರಸದಲ್ಲಿ ಅವರದು ಆ ಕಾಲದ ಅತ್ಯುನ್ನತ ಅಧ್ಯಾಪಕ ಹುದ್ದೆ. 1095ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ಅದನ್ನು ಬಿಟ್ಟು ಹೊರಟರು. ಬಿಡಲೋ ಬೇಡವೋ ಎಂದು ಸುಮಾರು ಆರು ತಿಂಗಳು ತೊಳಲಾಡಿದ್ದನ್ನು ಅವರೇ ಬರೆದಿದ್ದಾರೆ. ಹೊರಡುವಾಗ ಹೆಂಡತಿ ಮಕ್ಕಳ ಜೀವನಕ್ಕೆ ಬೇಕಾಗುವಷ್ಟನ್ನು ಇಟ್ಟು, ಉಳಿದ ಸಂಪತ್ತನ್ನು ಹಂಚಿದರು ಎಂಬ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮೊದಲು ಮನೆಯ ಲೆಕ್ಕ, ಆಮೇಲೆ ಪ್ರಯಾಣ. ಸುಮಾರು ಹನ್ನೊಂದು ವರ್ಷಗಳ ನಂತರ, 1106ರಲ್ಲಿ, ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಹುದ್ದೆ ಬಿಟ್ಟವರು ಕೆಲಸವನ್ನೇನೂ ಬಿಡಲಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಈ ತೀರ್ಮಾನವನ್ನು ಬೇರೆಯವರು ಮಾಡಿಕೊಡುತ್ತಾರೆ. ಸೌದಿ ಅರೇಬಿಯಾ 2011ರಲ್ಲಿ ನಿತಾಕತ್ ತಂದಿತು. 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ ಅದು 400 ರಿಯಾಲ್ ಆಯಿತು. ಹೆಂಡತಿ, ಮೂವರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್! ಎಷ್ಟೋ ಕುಟುಂಬಗಳು ಊರಿಗೆ ಮರಳಿದವು, ಗಂಡಸರು ಮತ್ತೆ ಬ್ಯಾಚುಲರ್ ರೂಮು ಸೇರಿದರು. ಅದೇ 2020ರಲ್ಲಿ ಕೊರೋನಾ ಬಂದಾಗ ಒಂದೇ ಇಮೇಲ್‌ನಲ್ಲಿ ಕೆಲಸ ಕಳೆದುಕೊಂಡವರೂ ಇದ್ದಾರೆ. ಹಾಗಾಗಿ "ಯಾವಾಗ" ಎಂಬುದನ್ನು ನೀವು ನಿಗದಿ ಮಾಡದಿದ್ದರೆ ಕಂಪೆನಿ ಮಾಡುತ್ತದೆ, ಇಲ್ಲವೇ ಡಾಕ್ಟರ್ ಮಾಡುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. "ಗ್ರಾಚ್ಯುಟಿ ಬರುತ್ತದಲ್ಲ" ಎಂಬ ಧೈರ್ಯ ಬಹಳ ಜನರಿಗಿದೆ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ವೇತನ ಸಿಗುತ್ತದೆ. ಮೂಲ ವೇತನ ಎಂಬುದನ್ನು ನೆನಪಿಡಿ. ಒಟ್ಟು ಸಂಬಳ 30,000 ದಿರ್ಹಮ್, ಅದರಲ್ಲಿ ಮೂಲ ವೇತನ 15,000 ಇರುವವರು ಇಪ್ಪತ್ತು ವರ್ಷ ದುಡಿದರೆ ಸಿಗುವುದು 555 ದಿನಗಳ ಮೊತ್ತ, ಅಂದರೆ 2,77,500 ದಿರ್ಹಮ್. ಇಪ್ಪತ್ತು ವರ್ಷದ ಬೆವರಿಗೆ ಒಂಬತ್ತು ತಿಂಗಳ ಸಂಬಳವಷ್ಟೇ. ಅಲ್ಲಿನ ಸರಕಾರಿ ಪಿಂಚಣಿ ಹೊರಗಿನವರಿಗಿಲ್ಲ.

ಹಾಗಾದರೆ ಎಷ್ಟು ಬೇಕು? ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು ಎಂಬ ಸೂತ್ರ ಪ್ರಚಾರದಲ್ಲಿದೆ. ಅದರ ಮೂಲ 1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಮಾಡಿದ ಲೆಕ್ಕಾಚಾರ. ಅಲ್ಲಿನ ಶೇರು ಮತ್ತು ಬಾಂಡುಗಳ ಮೇಲೆ, ಮೂವತ್ತು ವರ್ಷದ ನಿವೃತ್ತಿಗೆ ಹಾಕಿದ ಲೆಕ್ಕ ಅದು. ಬಾಂಡು ಎಂದರೆ ಬಡ್ಡಿ. ಬಡ್ಡಿಯನ್ನು ದೂರ ಇಡುವವನಿಗೆ, ಬೆಲೆ ಬೇಗ ಏರುವ ನಮ್ಮ ದೇಶದಲ್ಲಿ, 25 ಪಟ್ಟು ಸಾಲದು. ಸ್ವಂತ ಮನೆ ಬಿಟ್ಟು 30ರಿಂದ 35 ಪಟ್ಟು ಇರಲಿ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 60,000 ಖರ್ಚಿದ್ದರೆ ಎರಡು ಕೋಟಿ ಹದಿನಾರು ಲಕ್ಷದಿಂದ ಎರಡೂವರೆ ಕೋಟಿ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಆ 60,000 ಸುಮಾರು 1,20,000 ಆಗುತ್ತದೆ.

ಬಡ್ಡಿ ಬೇಡವೆಂದು ಒಂದು ಕೋಟಿಯನ್ನು ಚಾಲ್ತಿ ಖಾತೆಯಲ್ಲಿ ಸುಮ್ಮನೆ ಇಟ್ಟರೆ ಏನಾಗುತ್ತದೆ? ವರ್ಷಕ್ಕೆ ಶೇಕಡಾ ಎರಡೂವರೆ ಝಕಾತ್ ಕೊಡುತ್ತಾ ಹೋದರೆ, ಒಂದು ರೂಪಾಯಿ ಖರ್ಚು ಮಾಡದಿದ್ದರೂ ಹತ್ತು ವರ್ಷದಲ್ಲಿ 77 ಲಕ್ಷ ಚಿಲ್ಲರೆ ಉಳಿಯುತ್ತದೆ. ಬೆಲೆಯೇರಿಕೆ ಕಳೆದರೆ ಅದರ ಬೆಲೆ ಇಂದಿನ 43 ಲಕ್ಷದಷ್ಟು. ಇದು ಝಕಾತ್‌ನ ದೋಷವಲ್ಲ. ಹಣ ಪೆಟ್ಟಿಗೆಯಲ್ಲಿ ಕೊಳೆಯದೆ ವ್ಯಾಪಾರಕ್ಕೆ ಇಳಿಯಬೇಕು ಎಂಬುದೇ ಅದರ ಹಿಂದಿನ ಒಂದು ಹಿಕ್ಮತ್ ಎಂದು ನಾನು ತಿಳಿದಿದ್ದೇನೆ.

ಆದರೆ ಯಾವ ವ್ಯಾಪಾರಕ್ಕೆ? ಇಲ್ಲೇ ನಮ್ಮವರು ಮೋಸ ಹೋಗುವುದು. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಬೀದಿಗೆ ಬಿದ್ದ ಸಾವಿರಾರು ಮುಸ್ಲಿಮ್ ಕುಟುಂಬಗಳನ್ನು ನೆನಪಿಸಿಕೊಳ್ಳಿ. ಹಲಾಲ್ ಎಂಬ ಮಾತು ಕೇಳಿ ಜೀವಮಾನದ ಉಳಿತಾಯ ಕೊಟ್ಟವರು ಅವರು. ತಿಂಗಳು ತಿಂಗಳು ತಪ್ಪದೆ ದೊಡ್ಡ ಲಾಭ ಬರುವ ವ್ಯಾಪಾರ ಲೋಕದಲ್ಲಿ ಎಲ್ಲಿಯೂ ಇಲ್ಲ. ವ್ಯಾಪಾರ ಅಂದಮೇಲೆ ನಷ್ಟವೂ ಇರಬೇಕು, ನಷ್ಟವೇ ಇಲ್ಲ ಎನ್ನುವವನಿಂದ ದೂರವಿರಿ. ಶರೀಅತ್ ನಿಯಮಗಳಿಗೆ ಹೊಂದುವ ಶೇರುಗಳಲ್ಲಿ ಮಾತ್ರ ಹಣ ಹಾಕುವ ಟಾಟಾ ಎಥಿಕಲ್ ಫಂಡ್‌ನಂತಹ, ಸೆಬಿಯ ನಿಯಂತ್ರಣದಲ್ಲಿರುವ ಮ್ಯೂಚುವಲ್ ಫಂಡುಗಳಿವೆ. ಅವೂ ಏರಿಳಿಯುತ್ತವೆ, ಐದಾರು ವರ್ಷ ಮುಟ್ಟದಿರುವ ಹಣ ಮಾತ್ರ ಅಲ್ಲಿಗೆ. ಬಾಡಿಗೆ ಮನೆ ಸುರಕ್ಷಿತ, ಆದರೆ ಒಂದು ಕೋಟಿಯ ಫ್ಲಾಟಿಗೆ ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಬಂದರೆ ದೊಡ್ಡದು. ಊರಲ್ಲಿ ಆರು ಬೆಡ್‌ರೂಮಿನ ಬಂಗಲೆ ಕಟ್ಟಿ ಬೀಗ ಹಾಕಿಟ್ಟಿರುವುದಂತೂ ಹೂಡಿಕೆಯೇ ಅಲ್ಲ. ಅದರ ಪೈಂಟಿಗೇ ಇನ್ನೊಂದು ವರ್ಷ ದುಡಿಯಬೇಕು.

ಇನ್ನೊಂದು ಮಾತು. ಕೆಲಸ ಬಿಟ್ಟ ದಿನವೇ ಕಂಪೆನಿಯ ವೈದ್ಯಕೀಯ ವಿಮೆ ನಿಲ್ಲುತ್ತದೆ. ಇಲ್ಲಿ ಹೊಸ ಪಾಲಿಸಿ ತೆಗೆದರೆ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆದ್ದರಿಂದ ಬರುವ ಮೂರು ವರ್ಷ ಮುಂಚೆಯೇ ಇಲ್ಲಿ ಪಾಲಿಸಿ ಮಾಡಿಸಿ. ವಿಮೆ ಸರಿಯೇ ಎಂಬ ಸಂಶಯವಿದ್ದವರು ಉಲಮಾಗಳಲ್ಲಿ ಕೇಳಿ. ಕೇಳುವುದನ್ನು ಮಾತ್ರ ಆಸ್ಪತ್ರೆಯ ಕೌಂಟರಿನವರೆಗೆ ಮುಂದೂಡಬೇಡಿ.

ಹಾಗಾದರೆ ನಿವೃತ್ತರಾಗಲೇಬೇಕೇ? ಸಾಲವಿದ್ದರೆ, ಕೊನೆಯ ಮಗುವಿನ ಓದು ಬಾಕಿಯಿದ್ದರೆ ಬೇಡ, ದುಡಿಯಿರಿ. ಅದೂ ಇಬಾದತ್ತೇ. ಆದರೆ ಮೊತ್ತ ಸೇರಿದೆ, ಮಕ್ಕಳು ಒಂದು ದಡ ಸೇರಿದ್ದಾರೆ, ವಯಸ್ಸು 52 ಎಂದಾದರೆ ಮತ್ತೆ ಹತ್ತು ವರ್ಷ ಅಲ್ಲಿ ಕೂರುವುದಕ್ಕೆ ಹಣ ಕಾರಣವಲ್ಲ. ಅಭ್ಯಾಸ ಕಾರಣ, ಊರಲ್ಲಿ "ಕೆಲಸ ಹೋಯಿತಂತೆ" ಎನ್ನುತ್ತಾರೆಂಬ ಹೆದರಿಕೆ ಕಾರಣ. ಐದಕ್ಕೆ ಮುಂಚೆ ಐದರ ಬೆಲೆ ತಿಳಿಯಿರಿ ಎಂಬ ಹದೀಸ್ ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 65ಕ್ಕೆ ಬಂದರೆ ಊರಿಗೆ ಸಿಗುವುದು ನಿಮ್ಮ ಔಷಧಿ ಚೀಟಿ. 52ಕ್ಕೆ ಬಂದರೆ ಹತ್ತು ವರ್ಷದ ದುಡಿಮೆ ಸಿಗುತ್ತದೆ.

ಬರುವ ಮೊದಲು ಮನೆಯಾಕೆಯ ಜೊತೆ ಕುಳಿತು ಮಾತಾಡಿ. ಇಪ್ಪತ್ತು ವರ್ಷ ಒಬ್ಬಳೇ ಸಂಸಾರ ತೂಗಿಸಿದ ಹೆಂಗಸಿನ ಅಡುಗೆಮನೆಗೆ ಒಮ್ಮೆಲೇ ಮ್ಯಾನೇಜರ್ ಬಂದು ಕೂತರೆ ಆಕೆಯ ಗತಿ ಏನು? ದಿನದ ನಾಲ್ಕು ಗಂಟೆಗಾದರೂ ಹೊರಗೊಂದು ಕೆಲಸ ಇಟ್ಟುಕೊಂಡೇ ಬನ್ನಿ.

ಆ ಕೆಲಸ ಇಲ್ಲಿದೆ. ಇಂತಹ ಸಂಘಗಳಿಗೆ ಗಲ್ಫ್‌ನಿಂದ ಚೆಕ್ ಬರುತ್ತದೆ, ಮನುಷ್ಯರು ಬರುವುದಿಲ್ಲ. ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ಎಂಜಿನಿಯರ್, ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವ ಅಕೌಂಟೆಂಟ್, ಸಂದರ್ಶನಕ್ಕೆ ತಯಾರು ಮಾಡುವ ಎಚ್‌ಆರ್ ಮ್ಯಾನೇಜರ್ ಬೇಕು. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ರಜೆಯಲ್ಲಿ ಬಂದಿರುವವರು ತಮ್ಮ ವರ್ಷದ ಖರ್ಚನ್ನು ಒಂದು ಚೀಟಿಯಲ್ಲಿ ಬರೆದು ತಂದರೆ, 30 ಪಟ್ಟು ಎಷ್ಟಾಗುತ್ತದೆಂದು ಕೂತು ನೋಡೋಣ. ವಸ್ಸಲಾಮ್.