ವಿದ್ಯಾಪೀಠದ ಬಾಗಿಲು, ನಮ್ಮ ಹಳ್ಳಿಯ ಹಾದಿ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ಈ ಶುಭ ಸಂದರ್ಭದಲ್ಲಿ ಕಥೋಲಿಕ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಯನ್ನೂ ಅಲ್ಲಿನ ವಿದ್ಯಾರ್ಥಿ ಜೀವನವನ್ನೂ ಕುರಿತು ನಾಲ್ಕು ಮಾತನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ವಿಷಯವನ್ನು ಕೇಳಿ ನಮಗೆ ಮೊದಲು ಸಂಕೋಚವೇ ಆಯಿತು. ಮುರುಗಮಲ್ಲದ ಸುತ್ತಿನ ಹಳ್ಳಿಗಳಲ್ಲಿ ರಾಗಿ, ಅವರೆ ಬೆಳೆದು, ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳು ಸಾಕಿ, ಹಾಲು ಕರೆದು ಬಾಳುವ ಜನರಿಗೂ ವಿಶ್ವವಿದ್ಯಾನಿಲಯಕ್ಕೂ ಎಲ್ಲಿಯ ನಂಟು? ಯೋಚಿಸುತ್ತಾ ಹೋದಂತೆ, ನಂಟು ನಾವೆಣಿಸಿದಷ್ಟು ದೂರದ್ದಲ್ಲವೆಂದು ಮನವರಿಕೆಯಾಯಿತು.

ವಿಶ್ವವಿದ್ಯಾನಿಲಯವು ಧರ್ಮಸಭೆಯ ಹೃದಯದಿಂದ ಹುಟ್ಟಿದ್ದು ಎಂಬ ಭಾವವನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1990ರ ತಮ್ಮ ಪ್ರೇಷಿತ ಶಾಸನದಲ್ಲಿ ವ್ಯಕ್ತಪಡಿಸಿದರು. ನಮ್ಮ ನಾಡಿನಲ್ಲಿ ಈ ಬೀಜವನ್ನು ಬಿತ್ತಿದವರು ಬಹು ಹಿಂದಿನವರು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಪ್ಯಾರಿಸ್ ವಿದೇಶೀ ಮಿಷನ್ನಿನ ಗುರುಗಳು ಸ್ಥಾಪಿಸಿದರು. 1937ರಲ್ಲಿ ಅದು ಯೇಸುಸಭೆಯ ಗುರುಗಳ ಕೈಗೆ ಬಂದಿತು. ಆ ಕಾಲೇಜೇ ವಿಶ್ವವಿದ್ಯಾನಿಲಯವಾಗಿ ಬೆಳೆದು, 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಶ್ರೀಮತಿ ದ್ರೌಪದಿ ಮುರ್ಮು ಅವರಿಂದ ಉದ್ಘಾಟನೆಗೊಂಡಿತು. 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವೆನಿಸಿತು. ಈ ವಿದ್ಯಾಲಯಗಳಲ್ಲಿ ಎಲ್ಲ ಮತಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುತ್ತಾರೆ. ಎಲ್ಲ ಜಾತಿಮತದವರೂ ಹರಕೆ ಹೊತ್ತು ಬರುವ ದರ್ಗಾದ ಊರಿನವರಾದ ನಮಗೆ ಇದು ಹೊಸದೇನೂ ಅಲ್ಲ.

ಸಂಶೋಧನೆಯೆಂದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಾಜಿನ ಬುರುಡೆಗಳ ನಡುವೆ ನಡೆಯುವ ಕೆಲಸವೆಂದು ನಾವು ಭಾವಿಸುತ್ತೇವೆ. ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸಿಸಿಲ್ ಸಲ್ಡಾನ್ಹಾ ಅವರು ಮಾಡಿದ್ದು ಕಾಲ್ನಡಿಗೆಯ ಸಂಶೋಧನೆ. ಹಾಸನ ಜಿಲ್ಲೆಯ ಕಾಡುಮೇಡುಗಳಲ್ಲಿ ಸಸ್ಯಗಳನ್ನು ಸಂಗ್ರಹಿಸಿ, ಒಣಗಿಸಿ, ಹೆಸರು ಗುರುತಿಸಿ, ಡಾನ್ ನಿಕೋಲ್ಸನ್ ಎಂಬ ವಿದ್ವಾಂಸರೊಡನೆ 1976ರಲ್ಲಿ ಆ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಹೊರತಂದರು. 1984ರಲ್ಲಿ ಇಡೀ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ ಪ್ರಕಟವಾಯಿತು. ದೇವರು ಸೃಷ್ಟಿಸಿದ ಒಂದು ಹುಲ್ಲುಕಡ್ಡಿಯನ್ನೂ ಉಪೇಕ್ಷಿಸದೆ ಹೆಸರು ಹಿಡಿದು ಕರೆಯುವುದು ಸಹ ಒಂದು ಬಗೆಯ ಪ್ರಾರ್ಥನೆಯೆಂದೇ ನಾವು ತಿಳಿಯುತ್ತೇವೆ.

ಇನ್ನು ನಮ್ಮ ಮನೆಬಾಗಿಲಿಗೇ ಬಂದ ಒಂದು ವಿದ್ಯಾಸಂಸ್ಥೆಯ ವಿಷಯ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಹತ್ತು ವರ್ಷಗಳ ತರುವಾಯ, 1973ರಲ್ಲಿ, ಅಲ್ಲಿನ ವೈದ್ಯರು ಆಗ ಕೋಲಾರ ಜಿಲ್ಲೆಗೆ ಸೇರಿದ್ದ ನಮ್ಮ ನೆರೆಯ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿಗೆ ಬಂದರು. ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘದವರು ತಾವು ಮಾರುವ ಹಾಲಿನ ಪ್ರತಿ ಲೀಟರಿಗೆ ಕೆಲವು ಪೈಸೆಗಳನ್ನು ಆರೋಗ್ಯಕ್ಕೆಂದು ತೆಗೆದಿರಿಸಲು ಒಪ್ಪಿದರು. ಆ ಹಣದಿಂದ ಊರಿನಲ್ಲೇ ವೈದ್ಯಸೇವೆ ನಡೆಯಿತು. ಕಾಲೇಜಿನ ಎಳೆಯ ವೈದ್ಯರು ಅಲ್ಲಿ ತರಬೇತಿ ಪಡೆದರು. ಇಲ್ಲಿ ದಾನ ಕೊಟ್ಟವರು ಯಾರು, ಪಡೆದವರು ಯಾರು? ಕಾಲೇಜು ವೈದ್ಯವನ್ನು ಕೊಟ್ಟಿತು; ಹಳ್ಳಿ ತನ್ನ ಹಾಲಿನ ಕಾಸನ್ನೂ, ಅದಕ್ಕಿಂತ ಹೆಚ್ಚಾಗಿ, ಪುಸ್ತಕದಲ್ಲಿಲ್ಲದ ಪಾಠವನ್ನೂ ಕೊಟ್ಟಿತು. ಹಳ್ಳಿಯವರು ಕೈಯೊಡ್ಡಿ ನಿಲ್ಲಲಿಲ್ಲ, ಪಾಲುದಾರರಾಗಿ ನಿಂತರು ಎಂಬುದೇ ಮಳ್ಳೂರಿನ ಹಿರಿಮೆ.

ಅದೇ ಸೇಂಟ್ ಜಾನ್ಸ್‌ನಲ್ಲಿ ನಡೆದ ಇನ್ನೊಂದು ಸಂಶೋಧನೆ ನಮ್ಮ ಊಟದ ತಟ್ಟೆಗೆ ಸಂಬಂಧಿಸಿದ್ದು. ದೇಹದ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಂಶ ಧಾನ್ಯಗಳಲ್ಲಿ ಕಡಿಮೆ. ಬೇಳೆಕಾಳು, ಹಾಲು, ಮೊಟ್ಟೆಗಳಲ್ಲಿ ಹೆಚ್ಚು. ವಯಸ್ಕನಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 12 ಮಿಲಿಗ್ರಾಮ್ ಲೈಸಿನ್ ಸಾಕೆಂದು 1985ರ ವಿಶ್ವಸಂಸ್ಥೆಯ ತಜ್ಞರ ವರದಿ ಹೇಳಿತ್ತು. ಡಾ. ಅನುರ ಕುರ್ಪಾಡ್ ಅವರು ಅಮೆರಿಕದ ವರ್ನನ್ ಯಂಗ್ ಅವರೊಡನೆ ಕೂಡಿ, ಭಾರತೀಯ ತರುಣರ ಉಸಿರನ್ನು ಹಗಲಿರುಳು 24 ಗಂಟೆ ಪರೀಕ್ಷಿಸಿ, ಸುಮಾರು 30 ಮಿಲಿಗ್ರಾಮ್ ಬೇಕೆಂದು ತೋರಿಸಿಕೊಟ್ಟರು. ಈ ಪ್ರಮಾಣವನ್ನೇ 2007ರ ಅಂತರರಾಷ್ಟ್ರೀಯ ವರದಿ ಸ್ವೀಕರಿಸಿತು. 50 ಕಿಲೋ ತೂಕದ ಕೂಲಿಯಾಳಿಗೆ 600 ಮಿಲಿಗ್ರಾಮ್ ಸಾಕೆನ್ನುವುದಕ್ಕೂ 1500 ಬೇಕೆನ್ನುವುದಕ್ಕೂ ಎಷ್ಟು ಅಂತರ! ಬರಿಯ ಮುದ್ದೆ ಉಪ್ಪುಖಾರದಿಂದ ಬಡವನು ಬಾಳಬಲ್ಲನೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿದ್ದಿತು. ಮುದ್ದೆಗೆ ಅವರೆಕಾಳಿನ ಸಾರು ಮಾಡಿದ ನಮ್ಮ ಅಜ್ಜಿಯರು ಲೆಕ್ಕ ಬಾರದಿದ್ದರೂ ದಾರಿ ಬಲ್ಲವರಾಗಿದ್ದರು. ಆದರೆ ಡೈರಿಗೆ ಹಾಲು ಅಳೆದ ಮೇಲೆ ನಮ್ಮ ಮಕ್ಕಳ ಲೋಟಕ್ಕೆ ಎಷ್ಟು ಉಳಿಯುತ್ತದೆಂಬುದನ್ನು ಪ್ರತಿ ತಾಯಿತಂದೆಯರೂ ತಮ್ಮನ್ನೇ ಕೇಳಿಕೊಳ್ಳಬೇಕು.

ಈಗ ಒಂದು ನೋವಿನ ಮಾತು. ಕೆಲವು ವರ್ಷಗಳ ಹಿಂದೆ ನಮಗೆ ತಿಳಿದ ಮನೆಯ ಹೆಣ್ಣುಮಗಳೊಬ್ಬಳು ಒಳ್ಳೆಯ ಅಂಕ ಗಳಿಸಿ ಪಟ್ಟಣದ ಕಾಲೇಜೊಂದಕ್ಕೆ ಸೇರಿದಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿ ಎಲ್ಲವೂ ಇಂಗ್ಲಿಷ್. ಹಾಸ್ಟೆಲಿನ ಊಟದ ಮೇಜಿನಲ್ಲಿಯೂ ಬಾಯಿ ಬಿಡಲು ಅಂಜಿದಳಂತೆ. ಮೂರು ತಿಂಗಳಿಗೆ ಪೆಟ್ಟಿಗೆ ಹೊತ್ತು ಹಿಂದಿರುಗಿದಳು. ಕಾಲೇಜನ್ನು ದೂರುವುದು ಸುಲಭ. ಆದರೆ ಆ ಮೂರು ತಿಂಗಳಲ್ಲಿ ನಮ್ಮಲ್ಲಿ ಒಬ್ಬರಾದರೂ ಬಸ್ಸು ಹತ್ತಿ ಹೋಗಿ, “ಹೇಗಿದ್ದೀಯಮ್ಮ?” ಎಂದು ಕೇಳಲಿಲ್ಲ. ಸೇರಿದ ದಿನ ಸಿಹಿ ಹಂಚಿದ ನಾವೇ, ಹಿಂದಿರುಗಿದ ದಿನ ಮುಖ ತಿರುಗಿಸಿದೆವು. ಆ ತಪ್ಪನ್ನು ಈ ಶತಮಾನೋತ್ಸವದ ದಿನ ಒಪ್ಪಿಕೊಳ್ಳದೆ ವಿದ್ಯೆಯ ಹಿರಿಮೆಯನ್ನು ಕೊಂಡಾಡುವುದು ನಮಗೆ ಸಲ್ಲದು.

ಆದುದರಿಂದ ನಮ್ಮ ಬಿನ್ನಹವಿಷ್ಟು. ನಮ್ಮ ಮಕ್ಕಳನ್ನು ಕಳುಹಿಸೋಣ, ಕಳುಹಿಸಿ ಮರೆಯದಿರೋಣ. ವರ್ಷಕ್ಕೆ ಎರಡು ಬಾರಿಯಾದರೂ ಧರ್ಮಕೇಂದ್ರದ ಹಿರಿಯರು ಅವರಿದ್ದಲ್ಲಿಗೆ ಹೋಗಿ ಬರಲಿ. ಹೊರಡುವ ಮಗುವಿನ ಬುತ್ತಿಯೊಡನೆ ಊರಿನದೊಂದು ಪ್ರಶ್ನೆಯನ್ನೂ ಕಟ್ಟಿಕೊಡೋಣ. ನಮ್ಮ ಸೀಮೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸೇರಿ ಮಕ್ಕಳ ಹಲ್ಲು ಕಂದುಗಟ್ಟುತ್ತಿದೆ, ಹಿರಿಯರ ಮೂಳೆ ಬಾಗುತ್ತಿದೆ. ಇದಕ್ಕೆ ಕಡಮೆ ಖರ್ಚಿನ ಪರಿಹಾರವನ್ನು ಹುಡುಕಲು, ಈ ನೀರನ್ನೇ ಕುಡಿದು ಬೆಳೆದವನಿಗಿಂತ ತಕ್ಕವನು ಯಾರು?

ಒಂದು ನೂರು ವರ್ಷ ಈ ದೇವಾಲಯದ ಗಂಟೆ ನಮ್ಮನ್ನು ಒಳಕ್ಕೆ ಕರೆದಿದೆ. ಕಲಿಯಲೆಂದು ಹೊರಗೆ ಹೋದ ಮಕ್ಕಳಿಗೂ ಅದು ಕೇಳಿಸುವಂತೆ ನಾವು ಬಾಳಿದರೆ, ಮುಂದಿನ ನೂರು ವರ್ಷ ಸಾರ್ಥಕವಾದೀತು.  ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.