ಕಾಯಿಲೆಗೆ ರಜೆ ಹಾಕಿ ಊರಿಗೆ ಬಂದವನ ಮಾತು

(ಕರಾವಳಿಯ ಪಟ್ಟಣವೊಂದರ ಕುಟುಂಬ ಸಮಾವೇಶದಲ್ಲಿ, ಸೌದಿ ಅರೇಬಿಯಾದಿಂದ ರಜೆಯಲ್ಲಿ ಬಂದಿರುವ ಅನಿವಾಸಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಭಾಷಣ ಮಾಡುವುದು ನನ್ನ ಕೆಲಸವಲ್ಲ. ನಾನು ಸೌದಿಯ ಒಂದು ಗುತ್ತಿಗೆ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಸಾಮಾನು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಬರೆದಿಡುವವನು. ಕಾಲು ಶತಮಾನದಿಂದ ಪರರ ಲೆಕ್ಕವನ್ನು ಚುಕ್ಕೆ ತಪ್ಪದಂತೆ ಇಟ್ಟವನು, ಸ್ವಂತ ದೇಹದ ಲೆಕ್ಕವನ್ನು ಮಾತ್ರ ಇಡಲಿಲ್ಲ. ಆ ವಿಷಯವನ್ನೇ ಇಲ್ಲಿ ಹೇಳಬೇಕೆಂದು ಸಂಘಟಕರು ಒತ್ತಾಯಿಸಿದ್ದರಿಂದ ನಿಂತಿದ್ದೇನೆ.

ನಾನು ಮೊದಲ ಬಾರಿ ವಿಮಾನ ಹತ್ತಿದ್ದು 1998ರಲ್ಲಿ. ಆಗ ಮಂಗಳೂರಿನಿಂದ ಕೊಲ್ಲಿ ರಾಷ್ಟ್ರಗಳಿಗೆ ನೇರ ವಿಮಾನವಿರಲಿಲ್ಲ. ಅದು ಬಂದದ್ದು 2006ರಲ್ಲಿ. ಬಸ್ಸಿನಲ್ಲಿ ಮುಂಬೈ ತಲಪಿ, ಅಲ್ಲಿ ಏಜೆಂಟನ ಕೋಣೆಯಲ್ಲಿ ದಿನಗಟ್ಟಲೆ ಕಾದು ಹೋದವರು ನಾವು. ವೈದ್ಯಕೀಯ ತಪಾಸಣೆಯಲ್ಲಿ 'ಫಿಟ್' ಎಂಬ ಮೊಹರು ಬಿದ್ದಾಗ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಬಹುಶಃ ಅಲ್ಲಿಂದಲೇ ನಮ್ಮ ರೋಗ ಆರಂಭವಾಗುತ್ತದೆ. ಆ ಮೊಹರು ಕೈತಪ್ಪಿದರೆ ಅನ್ನ ಕೈತಪ್ಪುತ್ತದೆಂಬ ಭಯ ಅಂದು ಎದೆಯೊಳಗೆ ಕೂತದ್ದು ಇಂದಿಗೂ ಎದ್ದು ಹೋಗಿಲ್ಲ. ಇಖಾಮ ನವೀಕರಣವಾಗುವಾಗಲೆಲ್ಲ ನಾವು ಪ್ರಾರ್ಥಿಸುವುದು ಆರೋಗ್ಯಕ್ಕಾಗಿ ಅಲ್ಲ, ಅನಾರೋಗ್ಯ ಗೊತ್ತಾಗದಿರಲೆಂದು.

ಬೆನ್ನು ನೋವು ನನಗೆ ಹಳೆಯ ಸಂಗಾತಿ. ಕ್ಯಾಂಪಿನಲ್ಲಿ ಯಾರಿಗೆ ಬೆನ್ನು ನೋವಿಲ್ಲ? ಊರಿನಿಂದ ಬರುವ ಪ್ರತಿಯೊಬ್ಬನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆಗೆ ನೋವಿನ ಮಾತ್ರೆಯ ಪಟ್ಟಿಗಳೂ ಇರುತ್ತಿದ್ದವು. ಬೆಳಿಗ್ಗೆ ಒಂದು, ನೋವು ಹೆಚ್ಚಿದರೆ ರಾತ್ರಿ ಇನ್ನೊಂದು. ವೈದ್ಯರನ್ನು ಕೇಳಿದವರಿಲ್ಲ. ಪಕ್ಕದ ಮಂಚದವನೇ ವೈದ್ಯ. ಎರಡು ವರ್ಷಗಳಿಂದ ಬಾಯಾರಿಕೆ ಹೆಚ್ಚಾಗಿತ್ತು, ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುತ್ತಿತ್ತು. ಮರುಭೂಮಿಯ ಬಿಸಿಲಿಗೆ ಬಾಯಾರಿಕೆಯಾಗದೆ ಇನ್ನೇನಾಗುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಕಂಪೆನಿ ವಿಮೆಯ ಕಾರ್ಡು ಕೊಟ್ಟಿದೆ. ಅಲ್ಲಿನ ಕಾನೂನಿನಂತೆ ಕೊಡಲೇಬೇಕು. ಆದರೆ ಆ ಕಾರ್ಡನ್ನು ಬಳಸಿದರೆ ರೋಗ ದಾಖಲಾಗುತ್ತದೆ ಎಂಬ ಹೆದರಿಕೆಯಿಂದ ಅದು ನನ್ನ ಪರ್ಸಿನಲ್ಲಿ ಹೊಚ್ಚ ಹೊಸದಾಗಿಯೇ ಉಳಿಯಿತು. 'ಊರಿಗೆ ಹೋದಾಗ ಒಮ್ಮೆ ತೋರಿಸಿದರಾಯಿತು' ಎಂಬ ವಾಕ್ಯವನ್ನು ಗಲ್ಫಿನಲ್ಲಿ ದುಡಿಯುವ ಪ್ರತಿಯೊಬ್ಬನೂ ಒಮ್ಮೆಯಾದರೂ ಹೇಳಿರುತ್ತಾನೆ.

ಕೊನೆಗೆ 45 ದಿನಗಳ ರಜೆ ಪಡೆದು ಬಂದೆ, ಚಿಕಿತ್ಸೆಗೆಂದೇ. ಆದರೆ ಊರಿನಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಮೊದಲ ವಾರ ಸಂಬಂಧಿಕರ ಮನೆಗಳು. ಹೋಗದಿದ್ದರೆ 'ದುಡ್ಡು ಬಂದ ಮೇಲೆ ನಮ್ಮನ್ನು ಮರೆತ' ಎಂಬ ಮಾತು. ಹೋದಲ್ಲೆಲ್ಲ ತುಪ್ಪದನ್ನ, ಬಿರಿಯಾನಿ, ಮೇಲೊಂದು ಸಿಹಿ. 'ಅಲ್ಲಿ ಇದೆಲ್ಲ ಎಲ್ಲಿ ಸಿಗುತ್ತದೆ, ಇನ್ನೊಂದು ಸೌಟು ಹಾಕು' ಎಂಬ ಪ್ರೀತಿ. ಎರಡನೆಯ ವಾರ ತಂಗಿಯ ಮಗಳ ಮದುವೆ. ನಡುವೆ ಮನೆಯ ಹಿಂದಿನ ಗೋಡೆ ಕಟ್ಟುವವನ ಜೊತೆ ಜಗಳ, ಬ್ಯಾಂಕು, ಪಂಚಾಯತು. ಆಸ್ಪತ್ರೆಯ ಬಾಗಿಲು ನೋಡಿದ್ದು 19ನೆಯ ದಿನ.

ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. 1848ರಷ್ಟು ಹಳೆಯ ಸರಕಾರಿ ವೆನ್ಲಾಕ್ ಆಸ್ಪತ್ರೆಯಿಂದ ಹಿಡಿದು ವೈದ್ಯಕೀಯ ಕಾಲೇಜುಗಳ ದೊಡ್ಡ ಕಟ್ಟಡಗಳವರೆಗೆ ಎಲ್ಲವೂ ಇವೆ. ದೂರದ ಜಿಲ್ಲೆಗಳ ಜನ, ಗಡಿಯಾಚೆಯ ಕಾಸರಗೋಡಿನವರು ಇಲ್ಲಿಗೇ ಬರುತ್ತಾರೆ. ನಾನು ಹೋದ ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗಿಯ ಮೊದಲ ಪ್ರಶ್ನೆ, 'ಎಲ್ಲಿ ಕೆಲಸ?' ಎಂದಾಗಿತ್ತು. ಸೌದಿ ಎಂದೆ. ಆ ಮೇಲೆ ಬೆನ್ನಿನ ಫೋಟೋ, ಇನ್ನೂ ದೊಡ್ಡ ಫೋಟೋ, ಅಗತ್ಯವಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದ ಒಂದು 'ಪ್ಯಾಕೇಜ್'. ಆಸ್ಪತ್ರೆಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅತ್ತರು ಪೂಸಿಕೊಂಡು, ಹೊಸ ಗಡಿಯಾರ ಕಟ್ಟಿಕೊಂಡು, ಬಾಡಿಗೆ ಕಾರಿನಲ್ಲಿ ಹೋಗಿ ಇಳಿದವನು ನಾನೇ ತಾನೇ?

ಅಚ್ಚರಿಯೆಂದರೆ, ಆ ದೊಡ್ಡ ಫೋಟೋಗಳಲ್ಲಿ ಏನೂ ಇರಲಿಲ್ಲ. ಇದ್ದುದೆಲ್ಲ ಕೆಲವು ನೂರು ರೂಪಾಯಿಯ ರಕ್ತ ಪರೀಕ್ಷೆಯಲ್ಲಿತ್ತು. ಖಾಲಿ ಹೊಟ್ಟೆಯಲ್ಲಿ ಸಕ್ಕರೆಯ ಅಂಶ 240. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 10.2. ಅದು ಆರೂವರೆ ತಲಪಿದರೇ ಮಧುಮೇಹ ಎನ್ನುತ್ತಾರೆ. ಕ್ರಿಯಾಟಿನಿನ್ 1.9. ವೈದ್ಯರು ವರದಿಯ ಮೇಲೆ ಪೆನ್ನಿಟ್ಟು, ನನ್ನ ಮೂತ್ರಪಿಂಡಗಳ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿದೆ ಎಂದರು. ಬಳಿಕ ಅವರು ಕೇಳಿದ್ದು ಬೆನ್ನಿನ ಬಗ್ಗೆಯಲ್ಲ: 'ನೋವಿನ ಮಾತ್ರೆ ಎಷ್ಟು ವರ್ಷಗಳಿಂದ ನುಂಗುತ್ತಿದ್ದೀರಿ?'

ನಾನು ಅರ್ಥ ಮಾಡಿಕೊಂಡಷ್ಟನ್ನು ಹೇಳುತ್ತೇನೆ. ಸಕ್ಕರೆ ಮತ್ತು ರಕ್ತದೊತ್ತಡ, ಇವೆರಡೂ ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳನ್ನು ನಿಧಾನವಾಗಿ ಕೆಡಿಸುತ್ತವೆ. ಅದರ ಮೇಲೆ ವರ್ಷಗಟ್ಟಲೆ ನೋವಿನ ಮಾತ್ರೆ, ಬಿಸಿಲಿನಲ್ಲಿ ನೀರು ಸಾಲದ ದುಡಿಮೆ. ಮೂತ್ರಪಿಂಡ ನೋಯುವುದಿಲ್ಲ, ದೂರುವುದಿಲ್ಲ. ಕಾಲು ಊದಿ, ಉಸಿರು ಕಟ್ಟುವ ಹೊತ್ತಿಗೆ ಬಹುಪಾಲು ಹಾನಿ ಆಗಿ ಹೋಗಿರುತ್ತದೆ. ಆಮೇಲೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ನನ್ನದು ಆ ಹಂತಕ್ಕೆ ಹೋಗಿಲ್ಲ. ಸಕ್ಕರೆ, ರಕ್ತದೊತ್ತಡಗಳನ್ನು ಹಿಡಿತದಲ್ಲಿಟ್ಟು, ಆ ಮಾತ್ರೆಗಳನ್ನು ಬಿಟ್ಟರೆ ಬಹಳ ವರ್ಷ ಹೀಗೆಯೇ ತಡೆದಿಡಬಹುದು ಎಂದಿದ್ದಾರೆ. ಹೋದದ್ದು ಪೂರ್ತಿ ಮರಳಿ ಬರುತ್ತದೆಂದು ಮಾತ್ರ ಅವರು ಹೇಳಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಜೊತೆ ಆಸ್ಪತ್ರೆಗೆ ಹೆಂಡತಿ ಬಂದಿದ್ದಳು. ವೈದ್ಯರು ನನಗೆ ಊಟದ ಪಥ್ಯ ವಿವರಿಸುತ್ತಿದ್ದಾಗ ಅವಳು ಗೋಡೆಗೆ ಒರಗಿ ಕುಳಿತಳು. ಬೆವರುತ್ತಿದ್ದಳು. ನರ್ಸ್ ಅವಳ ರಕ್ತದೊತ್ತಡ ನೋಡಿದಾಗ 180ರ ಮೇಲೆ 110. ವೈದ್ಯರು ಕೇಳಿದರು, 'ನಿಮಗೆ ಮೊದಲೇ ಗೊತ್ತಿತ್ತೇ?' ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಎರಡು ವರ್ಷಗಳಿಂದ ಗೊತ್ತಿತ್ತು. ಮಾತ್ರೆಯೂ ಇತ್ತು. ದಿನಕ್ಕೊಂದು ಎಂದು ಬರೆದದ್ದನ್ನು ಅರ್ಧ ಮಾಡಿ ನುಂಗುತ್ತಿದ್ದಳು, ಕೆಲವೊಮ್ಮೆ ಅದೂ ಇಲ್ಲ. ಮನೆಯ ಸಾಲದ ಕಂತು ತಪ್ಪಬಾರದೆಂದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳು ಕಾರಿನಲ್ಲಿ ಹೇಳಿದಳು: 'ನಿಮಗೆ ಹೇಳಿದರೆ ಅಲ್ಲಿ ಒಬ್ಬರೇ ಕೂತು ಚಿಂತೆ ಮಾಡುತ್ತೀರಿ.'

ಸಹೋದರರೇ, ನಾನೂ ಅದೇ ಕಾರಣಕ್ಕೆ ಅವಳಿಗೆ ನನ್ನ ಬಾಯಾರಿಕೆಯ ವಿಷಯ ಹೇಳಿರಲಿಲ್ಲ. ಪ್ರತಿ ರಾತ್ರಿ ಫೋನಿನಲ್ಲಿ ಮಾತನಾಡುತ್ತಿದ್ದೆವು, ವಿಡಿಯೋದಲ್ಲಿ ಮುಖ ನೋಡುತ್ತಿದ್ದೆವು. 'ಹೇಗಿದ್ದೀರಿ?' 'ಹುಷಾರಾಗಿದ್ದೇನೆ. ನೀನು?' 'ನಾನೂ ಹುಷಾರು.' ವರ್ಷಗಟ್ಟಲೆ ಇಬ್ಬರೂ ಪರಸ್ಪರ ಸುಳ್ಳು ಹೇಳಿದೆವು, ಪ್ರೀತಿಯಿಂದಲೇ ಹೇಳಿದೆವು.

ನಾವು ಹೀಗೆ ಬೇರೆ ಬೇರೆ ಇರಬೇಕೆಂದು ಬಯಸಿದವರಲ್ಲ. 2012ರಿಂದ ಆರು ವರ್ಷ ಹೆಂಡತಿ ಮತ್ತು ಇಬ್ಬರು ಮಕ್ಕಳು ನನ್ನ ಜೊತೆಯಲ್ಲೇ ಇದ್ದರು. 2017ರ ಜುಲೈಯಲ್ಲಿ ಸೌದಿ ಸರಕಾರವು ವಿದೇಶಿ ನೌಕರರ ಅವಲಂಬಿತರಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಗುವುದೆಂದು ಆಗಲೇ ಪ್ರಕಟಿಸಿತ್ತು, ಹಾಗೆಯೇ ಆಯಿತು. ಮೂವರಿಗೆ ತಿಂಗಳಿಗೆ 1,200 ರಿಯಾಲ್! ನನ್ನಂತಹ ಸಂಬಳದವನು ಎಲ್ಲಿಂದ ತರಲಿ? 2018ರಲ್ಲಿ ಅವರನ್ನು ಊರಿಗೆ ಕಳುಹಿಸಿದೆ. ನಮ್ಮ ಕಟ್ಟಡದಿಂದಲೇ ಆ ವರ್ಷ ಎಷ್ಟೋ ಕುಟುಂಬಗಳು ಮಂಚ, ಫ್ರಿಜ್ ಮಾರಿ ಹೊರಟವು. ತಮ್ಮ ಬೊಕ್ಕಸ ತುಂಬಿಕೊಳ್ಳುವುದು ಅವರ ಹಕ್ಕಿರಬಹುದು. ನಮ್ಮ ಸರಕಾರಗಳಾದರೂ ಏನು ಮಾಡಿದವು? 2022ರಲ್ಲಿ ಅನಿವಾಸಿಗಳು ಭಾರತಕ್ಕೆ ಕಳುಹಿಸಿದ ಹಣ 111 ಬಿಲಿಯನ್ ಡಾಲರ್ ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ಅದನ್ನು ಹೆಮ್ಮೆಯಿಂದ ಹೇಳುವ ಬಾಯಿಗಳು, ಆ ಹಣ ಕಳುಹಿಸಿದವನು ಮೂತ್ರಪಿಂಡ ಕೆಟ್ಟು ಹಿಂತಿರುಗಿದಾಗ ಎಲ್ಲಿ ಹೋಗುತ್ತವೆ? ನೆರೆಯ ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ ಪ್ರತ್ಯೇಕ ಇಲಾಖೆ ತೆರೆಯಿತು, 2008ರಲ್ಲಿ ಕ್ಷೇಮನಿಧಿ ಕಾಯ್ದೆ ತಂದಿತು. ಅಲ್ಲಿ ಅನಿವಾಸಿಗಳ ಮತ ಮತ್ತು ಸಂಘಟನೆಗೆ ಬಲವಿದೆ. ನಮ್ಮಲ್ಲಿ ಸಂಘಟನೆಗಳು ಸನ್ಮಾನ ಸಮಾರಂಭಕ್ಕೆ ಮುಗಿಯುತ್ತವೆ. ಶಾಲು ಹೊದೆಸಿದರೆ ಕ್ರಿಯಾಟಿನಿನ್ ಇಳಿಯುತ್ತದೆಯೇ?

ಇರುವ ಹಕ್ಕುಗಳನ್ನೂ ನಾವು ತಿಳಿದುಕೊಂಡಿಲ್ಲವೆಂಬುದು ನಮ್ಮ ತಪ್ಪು. ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ರೋಗಿಯಾದ ನೌಕರನಿಗೆ ವರ್ಷದಲ್ಲಿ ಮೊದಲ 30 ದಿನ ಪೂರ್ಣ ಸಂಬಳ, ಮುಂದಿನ 60 ದಿನ ಮುಕ್ಕಾಲು ಸಂಬಳ, ಆ ಮೇಲೆ 30 ದಿನ ಸಂಬಳವಿಲ್ಲದ ರಜೆ ಇದೆ. ಯುಎಇಯಲ್ಲಿ 15 ದಿನ ಪೂರ್ಣ, 30 ದಿನ ಅರ್ಧ, 45 ದಿನ ಸಂಬಳರಹಿತ. ನಾನು ಇಷ್ಟು ವರ್ಷ ದುಡಿದೂ ಇದನ್ನು ತಿಳಿದದ್ದು ಈ ಬಾರಿ, ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು! ಊರಿನ ವೈದ್ಯರ ವರದಿಯನ್ನು ಕಂಪೆನಿ ಒಪ್ಪುತ್ತದೆಯೇ, ಯಾವ ಮೊಹರು ಬೇಕು ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕಿತ್ತು. ನಾನು ಕೇಳಲಿಲ್ಲ. ಹೊಸದಾಗಿ ಹೋಗುವ, ಹತ್ತನೆಯ ತರಗತಿ ದಾಟದ ನಮ್ಮ ಹುಡುಗರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಕಡ್ಡಾಯವಾಗಿದೆ. ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಮರಣ ಹೊಂದಿದರೆ ಹತ್ತು ಲಕ್ಷ. ಅವಧಿ ಮುಗಿದ ಮೇಲೆ ಅದನ್ನು ನವೀಕರಿಸಿದವರು ನಮ್ಮ ಕ್ಯಾಂಪಿನಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ.

ಮಗನ ವಿಷಯ ಹೇಳದೆ ಕೆಳಗಿಳಿಯಲಾರೆ. ಅವನಿಗೆ ಹತ್ತೊಂಬತ್ತು ವರ್ಷ. ಎರಡನೆಯ ಬಾರಿ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ಟೋಕನ್ ಹಿಡಿದು ಐದು ಗಂಟೆ ಕಾದೆವು. ಐದು ಗಂಟೆ ನಾವಿಬ್ಬರೇ ಅಕ್ಕಪಕ್ಕ ಕೂತದ್ದು ಅವನು ಮೀಸೆ ಬಂದ ಮೇಲೆ ಅದೇ ಮೊದಲು. ಮೊದಲ ಒಂದು ಗಂಟೆ ಅವನು ಮೊಬೈಲ್ ನೋಡಿದ, ನಾನು ಗೋಡೆ ನೋಡಿದೆ. ಏನು ಮಾತನಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಮತ್ತೆ ನಾನೇ ವರದಿಯ ಲಕೋಟೆಯನ್ನು ಅವನ ಕೈಗೆ ಕೊಟ್ಟು, 'ಓದು' ಎಂದೆ. ಓದಿ ಬಹಳ ಹೊತ್ತು ಸುಮ್ಮನಿದ್ದ. ಆ ಮೇಲೆ ಕೇಳಿದ: 'ಉಪ್ಪ, ಇದು ಗೊತ್ತಿದ್ದರೆ ನಾನು ಹೋದ ವರ್ಷ ಬೈಕ್ ಕೇಳುತ್ತಿದ್ದೆನಾ?'

ನನಗೆ ಉತ್ತರ ಹೊಳೆಯಲಿಲ್ಲ. ನಾನು ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ, ತಂದೆಯ ಬೆವರಿನ ಬೆಲೆ ತಿಳಿಯದ ಮಗ ಎಂದು. ಬೆವರನ್ನು ಅವನಿಂದ ಮುಚ್ಚಿಟ್ಟವನು ಯಾರು? ಪ್ರತಿ ಬಾರಿ ಚಾಕಲೇಟು, ಮೊಬೈಲು, ಸೆಂಟು ತುಂಬಿದ ಪೆಟ್ಟಿಗೆ ತಂದು, ಎಂಟು ಜನರ ಕೋಣೆಯ ಫೋಟೋ ಒಂದನ್ನೂ ಮನೆಗೆ ತೋರಿಸದವನು ಯಾರು? ಅಂದು ಉಳಿದ ನಾಲ್ಕು ಗಂಟೆಗಳಲ್ಲಿ ಸಂಬಳವೆಷ್ಟು, ಸಾಲವೆಷ್ಟು, ಕಂತೆಷ್ಟು ಎಂದು ಅವನಿಗೆ ಎಲ್ಲ ಹೇಳಿದೆ. ಅವನು ಲೆಕ್ಕ ಹಾಕಿದ, ನನಗಿಂತ ಚೆನ್ನಾಗಿಯೇ. ಹಿಂದಿನ ಗೋಡೆಯ ಕೆಲಸ ನಿಲ್ಲಿಸಬಹುದು ಎಂದ. ನಿಲ್ಲಿಸಿದ್ದೇವೆ. ಮಗಳು ತನ್ನ ಪುಸ್ತಕಕ್ಕೆ ಹಾಳೆ ಅಂಟಿಸಿ ಇಬ್ಬರ ಸಕ್ಕರೆ, ರಕ್ತದೊತ್ತಡ ಬರೆದಿಡುತ್ತಿದ್ದಾಳೆ. ಉಮ್ಮನ ಹೆಸರನ್ನೂ ಸೇರಿಸಿದ್ದಾಳೆ. ಎಪ್ಪತ್ತಾರರ ಉಮ್ಮನಿಗೆ ಮಾತ್ರ ಎಲ್ಲವೂ ಸರಿಯಿದೆ. ಅವರು ನಮ್ಮನ್ನು ನೋಡಿ ನಗುತ್ತಾರೆ.

ರಜೆ ಮುಗಿದಿದೆ. ಮರುಪ್ರವೇಶದ ವೀಸಾವನ್ನು ಕಂಪೆನಿ ಒಂದು ತಿಂಗಳು ವಿಸ್ತರಿಸಿ ಕೊಟ್ಟಿದೆ. ಅದರಲ್ಲಿ ಇನ್ನು 19 ದಿನ ಉಳಿದಿವೆ. ಹಾಗೆಯೇ ಹಿಂತಿರುಗಿದರೆ ಸಾಲ ಎರಡು ವರ್ಷಕ್ಕೆ ತೀರುತ್ತದೆ. ಹಿಂತಿರುಗದಿದ್ದರೆ ಸೇವಾವಧಿಯ ಕೊನೆಗೆ ಸಿಗುವ ಹಣದಿಂದ ಅರ್ಧ ತೀರುತ್ತದೆ, ಉಳಿದುದಕ್ಕೆ ಊರಿನಲ್ಲೇ ದುಡಿಯಬೇಕು. ಹಿಂದೆಲ್ಲ ಇಂತಹ ತೀರ್ಮಾನವನ್ನು ನಾನೊಬ್ಬನೇ ಮಾಡಿ, ಹೊರಡುವ ಹಿಂದಿನ ರಾತ್ರಿ ಮನೆಯವರಿಗೆ ತಿಳಿಸುತ್ತಿದ್ದೆ. ಮುಂದಿನ ಮಂಗಳವಾರ ಮತ್ತೊಮ್ಮೆ ರಕ್ತ ಪರೀಕ್ಷೆ ಇದೆ, ನನಗೂ ಅವಳಿಗೂ. ವರದಿ ಬಂದ ಸಂಜೆ, ಮಕ್ಕಳನ್ನೂ ಉಮ್ಮನನ್ನೂ ಕೂರಿಸಿಕೊಂಡು ಮಾತನಾಡುವುದೆಂದು ಇಟ್ಟುಕೊಂಡಿದ್ದೇವೆ.